ಔಷಧಕ್ಕೇ ಕೊಡುವ ಔಷಧ

ಹೊಟ್ಟೆಯ ಆಪರೇಷನ್ನಿಗೆ ರೋಗಿಗೆ ಎಚ್ಚರ ತಪ್ಪಿದ್ದರಷ್ಟೇ ಸಾಲದು, ಸ್ನಾಯುಗಳೂ ಬಿಗಿ ಬಿಟ್ಟಿರಬೇಕು. ಅದಕ್ಕೆಂದೇ ಅರಿವಳಿಕೆ ತಜ್ಞರು ರೊಕ್ಯುರೋನಿಯಂನಂಥ ಔಷಧ ಕೊಡುತ್ತಾರೆ. ಕೊಡುವುದು ಸುಲಭ; ಆಪರೇಷನ್ ಮುಗಿದ ಮೇಲೆ ಅದರ ಪಟ್ಟು ಬಿಡಿಸುವುದೇ ಕಷ್ಟ. ಉಸಿರಾಟದ ಸ್ನಾಯುಗಳೂ ಅದರ ಹಿಡಿತದಲ್ಲೇ ಇರುತ್ತವೆ.

ದಶಕಗಳ ಕಾಲ ಈ ಕೆಲಸಕ್ಕೆ ನಿಯೋಸ್ಟಿಗ್ಮಿನ್ ಬಳಸುತ್ತಿದ್ದರು, ಇಂದಿಗೂ ಬಳಸುತ್ತಾರೆ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದಂತೆ ಅದು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚಿದಂತೆ ರೊಕ್ಯುರೋನಿಯಂ ಜಾಗ ಬಿಡಬೇಕಾಗುತ್ತದೆ. ಆದರೆ ಹೆಚ್ಚುವುದು ಸ್ನಾಯುಗಳಲ್ಲಷ್ಟೇ ಅಲ್ಲ. ಹೃದಯದ ಬಡಿತ ತಗ್ಗುತ್ತದೆ, ಜೊಲ್ಲು ಸುರಿಯುತ್ತದೆ. ಅದಕ್ಕೆ ಅಟ್ರೋಪಿನ್ನೋ ಗ್ಲೈಕೋಪೈರೊಲೇಟೋ ಬೇರೆ ಕೊಡಬೇಕು. ಸ್ನಾಯುಗಳು ಪೂರ್ತಿ ಸೋತಿರುವ ಹೊತ್ತಿನಲ್ಲಂತೂ ಈ ಉಪಾಯ ನಾಟುವುದಿಲ್ಲ.

ಬೇರೆ ದಾರಿ ಹೊಳೆದದ್ದು ಸ್ಕಾಟ್ಲೆಂಡಿನ ನ್ಯೂಹೌಸ್‌ನಲ್ಲಿದ್ದ ಆರ್ಗನಾನ್ ಕಂಪನಿಯ ಪ್ರಯೋಗಾಲಯದಲ್ಲಿ. ಸ್ಟೀರಾಯ್ಡ್ ಜಾತಿಯ ಅಣುಗಳನ್ನು ಕರಗಿಸಲು ಆಂಟನ್ ಬಾಮ್ ಸೈಕ್ಲೊಡೆಕ್ಸ್‌ಟ್ರಿನ್‌ಗಳ ಕಡೆ ನೋಡುತ್ತಿದ್ದರು. ಫ್ರಾನ್ಸಿನ ವಿಲಿಯೆ 1891ರಲ್ಲೇ ಪಿಷ್ಟದಿಂದ ಪಡೆದಿದ್ದ ಸಕ್ಕರೆಯ ಉಂಗುರಗಳಿವು. ಆರು, ಏಳು ಅಥವಾ ಎಂಟು ಗ್ಲೂಕೋಸ್ ಸುತ್ತಲೂ ಕೈಹಿಡಿದು ತಳವಿಲ್ಲದ ಲೋಟದಂತೆ ನಿಲ್ಲುತ್ತವೆ. ಹೊರಮೈ ನೀರಿಗೆ ಒಗ್ಗುತ್ತದೆ, ಒಳಭಾಗಕ್ಕೆ ನೀರು ಅಷ್ಟಾಗಿ ಆಗದು. ಎಣ್ಣೆಯ ಗುಣದ ಅಣು ಅಲ್ಲಿ ಹೋಗಿ ಕೂರುತ್ತದೆ. ಕರಗಿಸಲು ಹೊರಟವರಿಗೆ, ಹೀಗೆ ಒಳಗೆ ಕೂತ ಔಷಧ ಸ್ನಾಯುವಿನ ಹತ್ತಿರ ಸುಳಿಯಲಾರದಲ್ಲ ಎಂಬುದು ಹೊಳೆಯಿತು.

ಎಂಟು ಗ್ಲೂಕೋಸಿನ ಉಂಗುರದ ಅಗಲ ರೊಕ್ಯುರೋನಿಯಂಗೆ ಸರಿಹೋಯಿತು, ಆಳ ಸಾಲಲಿಲ್ಲ. ಹಾಗಾಗಿ ಅಂಚಿಗೆ ಎಂಟು ಬಾಹುಗಳನ್ನು ಜೋಡಿಸಿ ಗುಳಿಯನ್ನು ಉದ್ದ ಮಾಡಿದರು. ಬಾಹುಗಳ ತುದಿಯಲ್ಲಿ ಋಣಾವೇಶ, ರೊಕ್ಯುರೋನಿಯಂನ ನೈಟ್ರೋಜನ್ನಿನ ಮೇಲೆ ಧನಾವೇಶ. ಒಂದಕ್ಕೊಂದು ಸೆಳೆದುಕೊಂಡು ಕೂತವು. ಇದೇ ಸುಗಮಡೆಕ್ಸ್. ಇವೆರಡರ ನಡುವೆ ಹೊಸ ರಾಸಾಯನಿಕ ಬಂಧವೊಂದೂ ಏರ್ಪಡುವುದಿಲ್ಲ. ಅಳತೆ ಮತ್ತು ದುರ್ಬಲ ಸೆಳೆತಗಳ ಈ ವಿದ್ಯೆಗೆ ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರ ಎಂದು ಹೆಸರಿಟ್ಟವರು ಫ್ರಾನ್ಸಿನ ಜ್ಯಾಂ ಮರಿ ಲೆಹ್ನ್. 1987ರ ನೊಬೆಲ್ ಅವರಿಗೂ ಕ್ರ್ಯಾಮ್, ಪೆಡರ್ಸನ್ ಇಬ್ಬರಿಗೂ ಸಂದಿತು.

ನನಗೆ ಅತ್ಯಂತ ಚೆಂದ ಕಾಣುವುದು ಮುಂದಿನ ಹಂತ. ಸುಗಮಡೆಕ್ಸ್ ಸ್ನಾಯುವಿನ ತನಕ ಹೋಗಿ ಜಗಳವಾಡಬೇಕಿಲ್ಲ. ರಕ್ತದಲ್ಲಿ ತೇಲುವ ರೊಕ್ಯುರೋನಿಯಂ ಅನ್ನು ಅದು ಒಳಗೆಳೆದುಕೊಂಡಂತೆ ರಕ್ತದಲ್ಲಿ ಅದರ ಸಾಂದ್ರತೆ ಕುಸಿಯುತ್ತದೆ. ಆಗ ಸ್ನಾಯುವಿನ ಬಳಿ ಕೂತಿದ್ದದ್ದು ತಾನಾಗಿ ರಕ್ತಕ್ಕೆ ಇಳಿದು ಬರುತ್ತದೆ, ಬಂದದ್ದೂ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಸ್ನಾಯುಗಳಿಗೆ ಕಸುವು ಮರಳುತ್ತದೆ, ಜೋಡಿ ಮೂತ್ರದಲ್ಲಿ ಹೊರಟುಹೋಗುತ್ತದೆ. ದೇಹದ ಯಾವ ಗ್ರಾಹಕವನ್ನೂ ಮುಟ್ಟದೆ, ಇನ್ನೊಂದು ಔಷಧವನ್ನಷ್ಟೇ ಹಿಡಿದು ಮುಗಿಸುವ ಕೆಲಸ.

ಯುರೋಪ್ 2008ರಲ್ಲಿ ಒಪ್ಪಿತು. ಅಲರ್ಜಿಯ ಪ್ರಶ್ನೆ ಎತ್ತಿದ ಅಮೆರಿಕ ಹಸಿರು ನಿಶಾನೆ ಕೊಟ್ಟದ್ದು 2015ರ ಡಿಸೆಂಬರಿನಲ್ಲಿ. ತಡವಾಯಿತೆಂದು ಗೊಣಗಿದವರಿದ್ದಾರೆ, ಆದರೆ ಅಪರೂಪಕ್ಕಾದರೂ ಜೀವಕ್ಕೆ ಎರವಾಗುವ ಅಲರ್ಜಿ ಕಡೆಗಣಿಸುವ ಸಂಗತಿಯಲ್ಲ. ಇನ್ನೊಂದು ವಿಚಿತ್ರವೂ ಇದೆ: ಸ್ಟೀರಾಯ್ಡ್ ಕುಲದ ಪ್ರೊಜೆಸ್ಟೆರಾನ್ ಜಾತಿಯ ಹಾರ್ಮೋನನ್ನೂ ಈ ಉಂಗುರ ಅಷ್ಟಿಷ್ಟು ಹಿಡಿಯಬಲ್ಲದು. ಹಾರ್ಮೋನಿನ ಗರ್ಭನಿರೋಧಕ ಬಳಸುವ ಹೆಣ್ಣುಮಕ್ಕಳು ಮುಂದಿನ 7 ದಿನ ಬೇರೆ ಮುನ್ನೆಚ್ಚರಿಕೆಯನ್ನೂ ವಹಿಸಬೇಕೆಂಬ ಸಲಹೆ ಅದಕ್ಕೇ.

ಅಟ್ರಾಕ್ಯುರಿಯಂ, ಸಿಸಾಟ್ರಾಕ್ಯುರಿಯಂ ಕೊಟ್ಟಲ್ಲಿ ಸುಗಮಡೆಕ್ಸ್ ನಿರುಪಯೋಗಿ, ಅವುಗಳ ಆಕಾರ ಈ ಗುಳಿಗೆ ಹೊಂದುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೈಲ್ ಐಸಾಕ್ಸ್ ತಂಡ ಇದಕ್ಕಾಗಿ ಕ್ಯಾಲಬಾಡಿಯಾನ್ ಎಂಬ ಅಣುಗಳನ್ನು ಕಟ್ಟಿತು. ಅವು ಮುಚ್ಚಿದ ಉಂಗುರಗಳಲ್ಲ. ಒಂದು ಬದಿ ತೆರೆದಿರುವುದರಿಂದ ಅತಿಥಿಯ ಗಾತ್ರಕ್ಕೆ ತುಸು ಬಾಗುತ್ತವೆ. ಇಲಿಗಳಲ್ಲಿ ಅವು ರೊಕ್ಯುರೋನಿಯಂ, ಸಿಸಾಟ್ರಾಕ್ಯುರಿಯಂ ಎರಡರ ಪಟ್ಟನ್ನೂ ಬಿಡಿಸಿವೆ.