ಹಿಮಾಲಯ ದಾಟಿ ಮಾಗಡಿ ಕೆರೆಗೆ

ದೀಪಾವಳಿ ಕಳೆದು, ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಮೊಳಕೆಯೊಡೆಯುವ ಹೊತ್ತಿಗೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ದೂರದ ಅತಿಥಿಗಳು ಬಂದಿಳಿಯುತ್ತವೆ. (ಇದು ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ.) ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಬೂದು ಮೈ. ಇವೇ ಪಟ್ಟೆತಲೆ ಹೆಬ್ಬಾತುಗಳು.

ಮಂಗೋಲಿಯಾ, ಟಿಬೆಟ್ ಮುಂತಾದ ಕಡೆ ಸರೋವರಗಳ ಬಳಿ ಬೇಸಿಗೆಯಲ್ಲಿ ಮರಿ ಮಾಡುವ ಈ ಹಕ್ಕಿಗಳು, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ದಕ್ಷಿಣಕ್ಕೆ ಹೊರಡುತ್ತವೆ. ದಾರಿಗೆ ಅಡ್ಡವಾಗಿ ನಿಂತಿದೆ ಹಿಮಾಲಯ! ಹಕ್ಕಿಗಳ ಮೈಗೆ ಪುಟ್ಟ ಉಪಕರಣ ಅಳವಡಿಸಿ ಪರೀಕ್ಷಿಸಿದ ವಿಜ್ಞಾನಿಗಳು, ಅವು 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದನ್ನು ದಾಖಲಿಸಿದ್ದಾರೆ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಎರಡು-ಮೂರು ಕಿಲೋ ತೂಗುವ ಹಕ್ಕಿಗೆ ಇದು ಹೇಗೆ ಸಾಧ್ಯ? ದೊಡ್ಡ ಶ್ವಾಸಕೋಶ ಮತ್ತು ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಇದರ ಗುಟ್ಟು. ಪರ್ವತ ದಾಟಲು ಅವು ಹೆಚ್ಚಾಗಿ ಆರಿಸಿಕೊಳ್ಳುವುದೂ ತಂಪು ಗಾಳಿಯ ರಾತ್ರಿ, ಮುಂಜಾವಿನ ಹೊತ್ತನ್ನೇ.

ಇಷ್ಟು ದೂರ ಬಂದ ಹಕ್ಕಿಗೆ ಆಸರೆಯಾಗುವುದು ಕಾಡಲ್ಲ, ವ್ಯವಸಾಯಕ್ಕೆ ಮಳೆನೀರು ಹಿಡಿದಿಡಲು ಮನುಷ್ಯರೇ ಕಟ್ಟಿದ ಸುಮಾರು 50 ಹೆಕ್ಟೇರಿನ ಕೆರೆ. ಹಗಲೆಲ್ಲ ನೀರಿನಲ್ಲಿ ವಿರಮಿಸುವ ಹೆಬ್ಬಾತುಗಳು ಕತ್ತಲಾಗುತ್ತಲೇ ಹೊಲಗಳಿಗೆ ಹಾರಿ ಮೇಯುತ್ತವೆ. ರೈತರ ಬೆಳೆಗೂ ಬಾಯಿ ಹಾಕುವುದುಂಟು. ಸಂರಕ್ಷಣಾ ಮೀಸಲು ಪ್ರದೇಶವಾಗಿರುವ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಕೆರೆ ತುಂಬಬೇಕು, ನೀರು ಶುಚಿಯಾಗಿರಬೇಕು, ಸುತ್ತಲಿನ ರೈತರು ಸೈರಿಸಿಕೊಳ್ಳಬೇಕು. ಇವಿಲ್ಲದೆ ಬರೀ ಪಟ್ಟಿಯಿಂದ ಹಕ್ಕಿ ಉಳಿಯದು.

ನೋಡಲು ಹೋಗುವ ಮಕ್ಕಳೂ ಕೆಲವು ಶಿಸ್ತು ಪಾಲಿಸಬೇಕು. ಬೆಳಕು ಹರಿಯುವ ಮೊದಲೇ ಏರಿಯ ಬಳಿ ಸದ್ದಿಲ್ಲದೆ ಕುಳಿತರೆ, ಹೊಲಗಳಿಂದ ಮರಳುವ ಹಿಂಡುಗಳು ಕಾಣಸಿಗುತ್ತವೆ. ಮಾಸಲು ಬಣ್ಣದ ಬಟ್ಟೆ, ಒಂದು ಬೈನಾಕ್ಯುಲರ್, ನೋಟ್‌ಬುಕ್ಕು, ಪೆನ್ಸಿಲ್ಲು ಇಷ್ಟು ಸಾಕು. ದಿನಾಂಕ, ವೇಳೆ, ಸಂಖ್ಯೆ, ಹಕ್ಕಿ ಏನು ಮಾಡುತ್ತಿತ್ತು ಎಂಬುದನ್ನು ಆಗಲೇ ಬರೆದಿಡಿ. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟು ಗುಂಪು ಎಷ್ಟಿವೆಯೆಂದು ಅಂದಾಜಿಸಿ. ಕತ್ತಿನಲ್ಲಿ ಅಕ್ಷರ, ಅಂಕಿಗಳಿರುವ ಬಣ್ಣದ ಪಟ್ಟಿ ಕಂಡರೆ ಗುರುತು ಹಾಕಿಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು.

ಫೋಟೋಕ್ಕಾಗಿ ಕಲ್ಲೆಸೆದು ಹಾರಿಸುವುದು ಮಾತ್ರ ಬೇಡವೇ ಬೇಡ. ಬೇಸಿಗೆಯ ಹೊಸ್ತಿಲಲ್ಲಿ ಮತ್ತೆ ಹಿಮಾಲಯ ಹತ್ತಬೇಕಾದ ಹಕ್ಕಿ ಚಳಿಗಾಲವಿಡೀ ಮೈಯಲ್ಲಿ ಕೊಬ್ಬು ಕೂಡಿಡುತ್ತದೆ. ಬೆದರಿ ಹಾರಿದಾಗಲೆಲ್ಲ ಆ ಬುತ್ತಿ ಕರಗುತ್ತದೆ.

ಮಾಗಡಿ ದೂರವಾದರೆ ತಂದೆ-ತಾಯಂದಿರು ಚಿಂತಿಸಬೇಕಿಲ್ಲ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಈಗಿನಿಂದಲೇ ಭಾನುವಾರ ಬೆಳಿಗ್ಗೆ ನಿಮ್ಮೂರ ಕೆರೆಗೆ ಮಕ್ಕಳನ್ನು ಕರೆದೊಯ್ದರೆ, ಜನವರಿಯ ಹೊತ್ತಿಗೆ ಅವರೂ ಎಣಿಸಲು ಕಲಿತಿರುತ್ತಾರೆ.