ಎರೆಯ ಹಿತ್ತಲಿಗೆ ಕಳಿತ ಗೊಬ್ಬರ

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯ ಎರೆಭೂಮಿಯು ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುವಂಥದು. ಅದರ ಕಪ್ಪುವರ್ಣವನ್ನು ಕಂಡು ಸಾರವತ್ತಾದುದೆಂದು ನಾವು ಭಾವಿಸಿದರೂ, ಇಂತಹ ನೆಲದಲ್ಲಿ ಸಾವಯವಾಂಶವು ಸಾಮಾನ್ಯವಾಗಿ ಅಲ್ಪವೇ. ಈ ಜಿಗುಟು ಮಣ್ಣನ್ನು ಹರಳುಹರಳಾಗಿಸಿ ಬೇರುಗಳಿಗೆ ಗಾಳಿಯಾಡುವಂತೆ ಮಾಡುವ ಸಾಮರ್ಥ್ಯವು ಕಳಿತ ಗೊಬ್ಬರಕ್ಕುಂಟು.

ಗೊಬ್ಬರವನ್ನು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಅನುಕೂಲ ಕಲ್ಪಿಸುವುದಷ್ಟೇ ನಮ್ಮ ಕರ್ತವ್ಯ. ಶಕ್ತಿಗಾಗಿ ಇಂಗಾಲವನ್ನೂ ದೇಹಪೋಷಣೆಗಾಗಿ ಸಾರಜನಕವನ್ನೂ ಅವು ಬೇಡುವುದರಿಂದ, 25ರಿಂದ 30 ಭಾಗ ಇಂಗಾಲಕ್ಕೆ 1 ಭಾಗ ಸಾರಜನಕ ದೊರೆಯುವಂತೆ, ಕತ್ತರಿಸಿದ ಜೋಳದ ಕಣಿಕೆ, ಶೇಂಗಾಸಿಪ್ಪೆ, ತರಗೆಲೆಗಳ ನಡುನಡುವೆ ಹೆಂಡಿಯನ್ನೂ ಕಾಯಿಪಲ್ಯದ ಸಿಪ್ಪೆಯನ್ನೂ ಪದರಪದರವಾಗಿ ಹರಡತಕ್ಕದ್ದು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಜಿನುಗುವಷ್ಟು ತೇವವಿರಲಿ. ಸುಮಾರು ಒಂದು ಮೀಟರು ಉದ್ದಗಲ, ಅಷ್ಟೇ ಎತ್ತರದ ರಾಶಿಯು ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವುದುಂಟು. ಆ ಕಾವಿನಲ್ಲಿ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುವುವು. ಕಾವು ಇಳಿದೊಡನೆ ರಾಶಿಯನ್ನು ತಿರುವಿಹಾಕಿದರೆ ಗಾಳಿ ದೊರೆತು ಜೀವಿಗಳು ಪುನಃ ಚುರುಕಾಗುವುವು.

ಇಂದೂರಿನಲ್ಲಿ 1924ರಿಂದ 1931ರವರೆಗೆ ಶ್ರಮಿಸಿದ ಆಲ್ಬರ್ಟ್ ಹೋವರ್ಡರು ಶಾಸ್ತ್ರೀಯವಾಗಿ ರೂಪಿಸಿದುದು ಹೀಗೆ ತಿರುವಿಹಾಕುವ ಕ್ರಮವನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ವಿಧಾನದಲ್ಲಾದರೋ, ಗುಂಡಿಯಲ್ಲಿ ಕಸವನ್ನು ತುಂಬಿ ಮಣ್ಣಿನಿಂದ ಮೆತ್ತಿಬಿಟ್ಟರೆ, ತಿರುವುವ ಶ್ರಮವಿಲ್ಲದೆ, ನಿಧಾನವಾಗಿ ಕಳಿಯುವುದು. ಎರೆಯ ನಾಡಿಗೆ ಎರಡೂ ಸಲ್ಲುವುವು: ಬೇಸಗೆಯಲ್ಲಿ ತೇವವನ್ನು ಕಾಯುವ ಗುಂಡಿ ಹಿತವಾದರೆ, ನೀರು ಬಸಿಯದ ಈ ಮಣ್ಣಿನಲ್ಲಿ ಮಳೆಗಾಲಕ್ಕೆ ನೆಲದ ಮೇಲಣ ರಾಶಿಯೇ ಲೇಸು, ಗುಂಡಿಯಲ್ಲಿ ನೀರು ನಿಂತರೆ ಗಾಳಿಯಿಲ್ಲದೆ ಕಸವು ನಾರುವುದು.

ಒಲೆಯ ಬೂದಿಯನ್ನೆಲ್ಲ ತಿಪ್ಪೆಗೆ ಸುರಿಯುವ ರೂಢಿಯು ಇಲ್ಲಿ ತರವಲ್ಲ. ಎರೆಮಣ್ಣು ಮೊದಲೇ ಕ್ಷಾರಗುಣವುಳ್ಳದ್ದು. ರಾಶಿಯಲ್ಲಿ ಕ್ಷಾರ ಹೆಚ್ಚಿದರೆ ಸಾರಜನಕವು ಅಮೋನಿಯವಾಗಿ ಹಾರಿಹೋಗುವುದು. ಅರೆಕಳಿತ ಗೊಬ್ಬರವನ್ನು ಅವಸರದಿಂದ ಮೆಂತ್ಯದ ಮಡಿಗೆ ಹಾಕುವುದೂ ಸಲ್ಲದು. ಕಳಿಯುವ ಕೆಲಸ ಮುಗಿಯದಿರಲಾಗಿ, ಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಸಸಿಗಳನ್ನು ಹಳದಿಗೇರಿಸುವುವು. ತಿರುವಿದರೂ ಬಿಸಿಯೇರದೆ, ಕಂದುಗಪ್ಪಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬೀರುವಾಗ ಅದು ಪಕ್ವವಾಯಿತೆಂದು ತಿಳಿಯಬೇಕು.

ಕಣಿಕೆಗೂ ಹತ್ತಿಕಟ್ಟಿಗೆಗೂ ಹೊಲದಂಚಿನಲ್ಲಿ ಬೆಂಕಿಯಿಡುವವರು, ತಮ್ಮ ನೆಲಕ್ಕೆ ಯಾವುದರ ಕೊರತೆಯೋ ಅದನ್ನೇ ಹೊಗೆಯಾಗಿಸುತ್ತಿರುವರು. ಸುಡುವುದನ್ನು ಬಿಟ್ಟು ಕಳಿಸಲು ತೊಡಗುವ ಪ್ರತಿಯೊಂದು ಮನೆಯೂ ಆ ಕೊರತೆಯನ್ನು ತನ್ನ ಪಾಲಿಗೆ ತಾನೇ ನೀಗಿಸಿಕೊಳ್ಳಬಲ್ಲುದು.