ಅಬರಿಸ್ಟ್‌ವಿತ್‌ನ ಪೀಠ, ಮೈಸೂರಿನ ತಾಳೆಗರಿ

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ಹುಟ್ಟಿದ್ದೆಲ್ಲಿ ಎಂದರೆ ಪಠ್ಯಪುಸ್ತಕಗಳು ವೇಲ್ಸ್‌ನ ಕಡಲತೀರದ ಅಬರಿಸ್ಟ್‌ವಿತ್ ಪಟ್ಟಣದತ್ತ ಬೆರಳು ಮಾಡುತ್ತವೆ. ಕಲ್ಲಿದ್ದಲು, ರೈಲು, ಬಂದರುಗಳಿಂದ ಸಿರಿವಂತವಾದ ಮನೆತನದ ಡೇವಿಡ್ ಡೇವಿಸ್ ಮತ್ತು ಅವರ ಇಬ್ಬರು ಸಹೋದರಿಯರು ಮೊದಲ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗೆ ಅಲ್ಲಿನ ಕಾಲೇಜಿಗೆ 20,000 ಪೌಂಡ್ ಕೊಟ್ಟರು. ಆ ಹಣದಲ್ಲಿ 1919ರಲ್ಲಿ ವಿಷಯದ ಮೊದಲ ಪೀಠ ಬಂತು. ಅದು ಹೊತ್ತದ್ದು ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಹೆಸರು. ಕಾನೂನು, ಜನಾಭಿಪ್ರಾಯ, ರಾಷ್ಟ್ರಸಂಘ ಇವು ಸೇರಿದರೆ ಯುದ್ಧವನ್ನು ತಡೆಯಬಹುದೆಂಬ ನಂಬಿಕೆ ಅದರ ಬೆನ್ನಿಗಿತ್ತು.

1936ರಲ್ಲಿ ಅದೇ ಪೀಠದಲ್ಲಿ ಬಂದು ಕೂತವರು ಇ.ಎಚ್. ಕಾರ್. ಮೂರು ವರ್ಷದ ಬಳಿಕ, ಎರಡನೆಯ ಮಹಾಯುದ್ಧ ಶುರುವಾದ ಹೊತ್ತಿಗೆ, ಅವರ 'ದಿ ಟ್ವೆಂಟಿ ಇಯರ್ಸ್ ಕ್ರೈಸಿಸ್' ಹೊರಬಂತು. ಹಿಂದಿನವರನ್ನೆಲ್ಲ ಕನಸುಗಾರರೆಂದು ಕರೆದು, ಬಲದ ಲೆಕ್ಕ ಬಿಟ್ಟು ರಾಜಕಾರಣವಿಲ್ಲ ಎಂದರು ಕಾರ್. ದುಡ್ಡು ಕೊಟ್ಟ ಡೇವಿಸ್‌ಗೆ ಇದು ಹಿಡಿಸಲಿಲ್ಲ, ಹಿಡಿಸುವುದಾದರೂ ಹೇಗೆ? ಆದರ್ಶವಾದಿಗಳೆಂಬ ಒಂದು ಪಂಥವಿತ್ತು, ವಾಸ್ತವವಾದಿಗಳು ಅದನ್ನು ಸೋಲಿಸಿದರು ಎಂಬ ಕಥೆಗೆ ಬುನಾದಿ ಈ ಪುಸ್ತಕ. ಸೋತವರ ಹಣೆಪಟ್ಟಿ ಬರೆದದ್ದು ಎದುರಾಳಿ ಎಂಬುದನ್ನು ಮಾತ್ರ ತರಗತಿಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಆದರೆ 1919ರಲ್ಲಿ ನಡೆದದ್ದು ಅಬರಿಸ್ಟ್‌ವಿತ್ ಒಂದೇ ಅಲ್ಲ. ಆ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ರಾಜಕಾರಣವೆಂಬ ವೃತ್ತಿಯ ಬಗ್ಗೆ ಉಪನ್ಯಾಸ ಕೊಟ್ಟ ಮ್ಯಾಕ್ಸ್ ವೇಬರ್, ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ ಮೆಕಿಯವೆಲ್ಲಿಯ 'ದಿ ಪ್ರಿನ್ಸ್' ನಿರುಪದ್ರವಿ ಎಂದರು. ಹದಿನೈದು ವರ್ಷ ಹಿಂದೆ ಈ ಮಾತು ಆಡಲು ಅವರಿಗೆ ಸಾಧ್ಯವೇ ಇರಲಿಲ್ಲ. ಅರ್ಥಶಾಸ್ತ್ರದ ಹೆಸರು ಬೇರೆ ಗ್ರಂಥಗಳಲ್ಲಿ ಉಳಿದಿತ್ತೇ ಹೊರತು ಪೂರ್ಣ ಪಠ್ಯ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟಿದ್ದ, ಗ್ರಂಥ ಲಿಪಿಯ ತಾಳೆಗರಿ ಕಟ್ಟನ್ನು ಬಿಚ್ಚಿ ಇದು ಅದೇ ಎಂದು ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿ. ಅವರು 1905ರಿಂದಲೇ ಇಂಗ್ಲಿಷ್ ಅನುವಾದವನ್ನು ಕಂತುಗಳಲ್ಲಿ ಪ್ರಕಟಿಸತೊಡಗಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅನುವಾದ ಪುಸ್ತಕವಾಯಿತು. ಜರ್ಮನಿಯ ಸಂಸ್ಕೃತ ವಿದ್ವಾಂಸರು ತಡಮಾಡದೆ ಅದರ ಬೆನ್ನು ಹತ್ತಿದರು.

ಅದೇ 1919ರಲ್ಲಿ ಬಂಗಾಳದ ಬಿನಯ್ ಕುಮಾರ್ ಸರ್ಕಾರ್ 'ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ'ನಲ್ಲಿ ಹಿಂದೂ ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತ ಕುರಿತು ಲೇಖನ ಬರೆದರು. ಅದರಲ್ಲಿ ಎರಡು ಎಳೆಗಳಿದ್ದವು. ಒಂದು ಮಂಡಲ: ನಡುವೆ ಗೆಲ್ಲಬಯಸುವ ರಾಜ, ಗಡಿಯಾಚೆಗಿನವನು ಅರಿ, ಅವನಾಚೆಯವನು ಮಿತ್ರ. ಇನ್ನೊಂದು ಸಾರ್ವಭೌಮ, ಅಂದರೆ ಈ ಕಾದಾಟವನ್ನೆಲ್ಲ ಮುಗಿಸಿ ಶಾಂತಿ ತರುವ ಏಕಛತ್ರದ ಕಲ್ಪನೆ. ಮುಂದೆ ಪಡುವಣದಲ್ಲಿ ಎರಡು ಪಂಥಗಳಾಗಿ ಒಡೆದದ್ದು ಇಲ್ಲಿ ಒಂದೇ ಲೇಖನದಲ್ಲಿತ್ತು. ಅಮೆರಿಕದ 'ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್' ಎಂಬ ಪತ್ರಿಕೆ 'ಜರ್ನಲ್ ಆಫ್ ಇಂಟರ್‌ನ್ಯಾಷನಲ್ ರಿಲೇಷನ್ಸ್' ಎಂದು ಹೆಸರು ಬದಲಿಸಿಕೊಂಡದ್ದೂ ಆ ವರ್ಷವೇ. ಜನಾಂಗಗಳ ಏಳಿಗೆ ಮತ್ತು ವಸಾಹತುಗಳ ಆಡಳಿತದ ಚರ್ಚೆ ಈ ವಿದ್ಯೆಯ ತೊಟ್ಟಿಲಲ್ಲೇ ಇತ್ತು. ಯುದ್ಧದಲ್ಲಿ ಮಡಿದವರ ನೆನಪು ಹುಟ್ಟುಕಥೆಗೆ ಹೆಚ್ಚು ಒಪ್ಪುತ್ತದಾದ್ದರಿಂದ ಅದು ಉಳಿಯಿತು, ಇದು ಹಿಂದೆ ಸರಿಯಿತು.

ನಾಜಿ ಜರ್ಮನಿಯ ಕಾಲದಲ್ಲಿ ಯೂರೋಪ್ ಬಿಟ್ಟು ಅಮೆರಿಕ ಸೇರಿದ ಯಹೂದಿ ವಕೀಲ ಹಾನ್ಸ್ ಮಾರ್ಗೆಂಥೌ ವೇಬರ್‌ನನ್ನು ಆಳವಾಗಿ ಓದಿಕೊಂಡಿದ್ದವರು. ಅವರ 'ಪಾಲಿಟಿಕ್ಸ್ ಅಮಂಗ್ ನೇಷನ್ಸ್' 1948ರಲ್ಲಿ ಬಂದ ಮೇಲೆ ಶೀತಲ ಸಮರದ ಅಮೆರಿಕದಲ್ಲಿ ವಾಸ್ತವವಾದವೇ ರಾಜಮಾರ್ಗವಾಯಿತು. ಯುದ್ಧಕೋರರ ಗುರು ಎಂದು ಅವರನ್ನು ಭಾವಿಸುವವರು ಒಂದು ಸಂಗತಿ ಗಮನಿಸಬೇಕು: ವಿಯೆಟ್ನಾಂ ಯುದ್ಧವನ್ನು ಮೊದಮೊದಲೇ ಬಹಿರಂಗವಾಗಿ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಆ ಯುದ್ಧದಿಂದ ಅಮೆರಿಕದ ಹಿತಕ್ಕೇನೂ ಒದಗದು ಎಂಬುದು ಅವರ ವಾದ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ವ್ಯಾಪಾರ, ಸಂಸ್ಥೆಗಳ ನಂಟಿಗೆ ಮಹತ್ವ ಕೊಟ್ಟು ಕೊಹೇನ್ ಮತ್ತು ನೈ 1977ರಲ್ಲಿ ಉದಾರವಾದಕ್ಕೆ ಮರುಜೀವ ತುಂಬಿದರು. ರಾಜ್ಯಗಳ ನಡುವೆಯೂ ಒಂದು ಬಗೆಯ ಸಮಾಜವಿದೆ ಎಂದು ಹೆಡ್ಲಿ ಬುಲ್ ಅದೇ ವರ್ಷ ವಾದಿಸಿದರು. 1979ರಲ್ಲಿ ಕೆನೆತ್ ವಾಲ್ಟ್ಜ್, ಮನುಷ್ಯಸ್ವಭಾವವನ್ನು ಪಕ್ಕಕ್ಕಿಟ್ಟು, ಮೇಲೊಬ್ಬ ಒಡೆಯನಿಲ್ಲದ ವ್ಯವಸ್ಥೆಯೇ ರಾಜ್ಯಗಳನ್ನು ಪೈಪೋಟಿಗೆ ನೂಕುತ್ತದೆ ಎಂದರು. ಆಮೇಲೆ ಗುಂಡು ಹಾರದೆಯೇ ಶೀತಲ ಸಮರ ಮುಗಿಯಿತು. ಅದನ್ನು ಯಾವ ಪಂಥವೂ ಮುಂಚಿತವಾಗಿ ಕಂಡಿರಲಿಲ್ಲ.

ಆ ಮುಖಭಂಗದ ಹೊತ್ತಿನಲ್ಲೇ ರಚನಾವಾದಕ್ಕೆ ಮನ್ನಣೆ ಸಿಕ್ಕಿತು. ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ ಐದು ಅಣ್ವಸ್ತ್ರಗಳಿಗೆ ಅಮೆರಿಕ ಹೆಚ್ಚು ಹೆದರುತ್ತದಲ್ಲ, ಅದೇಕೆ ಎಂದು ಕೇಳಿದವರು ಅಲೆಕ್ಸಾಂಡರ್ ವೆಂಟ್. ಹಗೆತನ ಬಲದಲ್ಲಿಲ್ಲ, ಇಬ್ಬರೂ ಒಡನಾಡುತ್ತ ಕಟ್ಟಿಕೊಂಡ ಭಾವನೆಯಲ್ಲಿದೆ ಎಂಬುದು ಅವರ ನಿಲುವು. ಗಡಿಯಾಚೆಗಿನವನೇ ಅರಿ ಎಂದ ಕೌಟಿಲ್ಯನಿಗೆ ಇದು ನೇರ ಪ್ರತ್ಯುತ್ತರ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಮಂಡಲವನ್ನು ವಿವರಿಸುವ ಅರ್ಥಶಾಸ್ತ್ರದ ಆರನೆಯ ಅಧಿಕರಣದಲ್ಲಿ ಗಡಿಯಾಚೆಗಿನ ಪ್ರಕೃತಿ ಶತ್ರುವಿನ ಜೊತೆಗೇ ಸಮಾನ ಕುಲದ ಸಹಜ ಶತ್ರುವಿದ್ದಾನೆ. ವಿರೋಧ ಮಾಡಿಯೋ ವಿರೋಧ ಹುಟ್ಟಿಸಿಯೋ ಶತ್ರುವಾಗುವ ಮೂರನೆಯವನೂ ಇದ್ದಾನೆ. ಅವನನ್ನು ಅರ್ಥಶಾಸ್ತ್ರ ಕರೆಯುವುದು ಕೃತ್ರಿಮ ಎಂದು.